ಮಾರಯ್ಯನಂಥ ಬ್ಯಾಕು, ಯೂನುಸ್‌ನಂಥ ಬ್ಯಾಕು

ಗುಂಡ್ಲುಪೇಟೆಯ ಶಿವಸ್ವಾಮಿಯ ಮದುವೆ ನಿಂತುಹೋಗುವ ಹಂತಕ್ಕೆ ಬಂದದ್ದು ಜಾತಕದಿಂದಲ್ಲ, ವರದಕ್ಷಿಣೆಯಿಂದಲ್ಲ, ಅವನು ಹಾಕಿ ಚೆನ್ನಾಗಿ ಆಡುತ್ತಾನೆ ಎಂದು ಒಬ್ಬರು ಹೊಗಳಿದ್ದರಿಂದ. ಇದನ್ನು ಹೇಳಿದರೆ ಜನ ನಗುತ್ತಾರೆ. ಆ ಹೊಗಳಿಕೆಯನ್ನು ಟೈಪು ಮಾಡಿ, ಕರಪತ್ರ ಮಾಡಿ ಕೊಟ್ಟವನು ನಾನಾದ್ದರಿಂದ ನನಗೆ ಆಗ ನಗು ಬರಲಿಲ್ಲ.

ನನ್ನ ಹೆಸರು ಗುರುಪಾದಸ್ವಾಮಿ. ಖಾಸಗಿ ಬಸ್ಸುಗಳು ನಿಲ್ಲುವ ಜಾಗದ ಎದುರಿಗೆ ನನ್ನದೊಂದು ಜೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿ. ಹೊಗಳಿದವರು ಅದೇ ನಿಲ್ದಾಣದ ಟೈಂ ಕೀಪರ್ ಮುದ್ದಯ್ಯನವರು. ಇವರು ವಿಸಿಲ್ ಊದದೆ ತೆರಕಣಾಂಬಿಯ ಕಡೆಗಾಗಲಿ ಚಾಮರಾಜನಗರದ ಕಡೆಗಾಗಲಿ ಒಂದು ಬಸ್ಸೂ ಅಲ್ಲಾಡುವಂತಿಲ್ಲ. ಊರಿನವರ ಟೈಮನ್ನೆಲ್ಲ ನಿಮಿಷ ತಪ್ಪದೆ ಕಾಯುವ ಈ ಮನುಷ್ಯನಿಗೆ ಒಂದು ಕಾಯಿಲೆಯಿತ್ತು. ಯಾವ ಎಳೆ ಹುಡುಗನನ್ನು ನೋಡಿದರೂ ಹಿಂದಿನ ಹಾಕಿ ಆಟಗಾರನೊಬ್ಬನಿಗೆ ಹೋಲಿಸುವುದು. ಬಸ್ಸು ತಪ್ಪುತ್ತದೆಂದು ಒಬ್ಬ ಓಡುತ್ತಿದ್ದರೆ, ವಿಸಿಲ್ ಬಾಯಿಂದ ತೆಗೆದು, "ಓಟ ನೋಡು ಗುರುಪಾದ, ಥೇಟ್ ನಮ್ ಬೀರಯ್ಯ. ಆದ್ರೆ ಬೀರಯ್ಯನ್ಗೆ ಬ್ರೇಕಿತ್ತು, ಇವನ್ಗಿಲ್ಲ" ಎನ್ನುವರು. ಅಷ್ಟರಲ್ಲಿ ಆ ಬ್ರೇಕಿಲ್ಲದವನು ಬಸ್ಸಿನ ಹಿಂಭಾಗಕ್ಕೆ ಡಿಕ್ಕಿ ಹೊಡೆದಿರುತ್ತಿದ್ದ.

ಮುದ್ದಯ್ಯನವರು ಒಂದು ಕಾಲಕ್ಕೆ ಗುಂಡ್ಲುಪೇಟೆ ತಂಡದ ಬ್ಯಾಕ್. ಗೋಲಿನ ಮುಂದೆ ಎಡಕ್ಕೊಬ್ಬ, ಬಲಕ್ಕೊಬ್ಬ ನಿಂತು ಎದುರಾಳಿಗಳನ್ನು ತಡೆಯುತ್ತಾರಲ್ಲ, ಅವರಲ್ಲಿ ಎಡಗಡೆಯವರು ಇವರು. ಬಲಗಡೆಗೆ ನಿಲ್ಲುತ್ತಿದ್ದವರು ಯೂನುಸ್. ಹತ್ತು ವರ್ಷ ಇಬ್ಬರೂ ಅಕ್ಕಪಕ್ಕ ನಿಂತು ಆಡಿದರು, ಒಂದೇ ಸೈಕಲ್ಲಿನಲ್ಲಿ ಓಡಾಡಿದರು, ಒಂದೇ ಲೋಟದ ಟೀಯನ್ನು ಎರಡು ಮಾಡಿಕೊಂಡು ಕುಡಿದರು. ೧೯೮೦ರಲ್ಲಿ ಕೊಳ್ಳೇಗಾಲದ ಫೈನಲ್ಲಿನಲ್ಲಿ, ಕೊನೆಯ ನಿಮಿಷದಲ್ಲಿ, ಒಂದು ಬಾಲು ಇಬ್ಬರ ನಡುವೆ ಬಂತು. ಮುದ್ದಯ್ಯನವರು ಯೂನುಸ್ ಹೊಡೆಯಲಿ ಎಂದು ಬಿಟ್ಟರು. ಯೂನುಸ್ ಮುದ್ದಯ್ಯ ಹೊಡೆಯಲಿ ಎಂದು ಬಿಟ್ಟರು. ಇಬ್ಬರು ಸಜ್ಜನರ ನಡುವೆ ಆ ಬಾಲು ಯಾರ ತಂಟೆಯೂ ಇಲ್ಲದೆ ನಡೆದುಕೊಂಡು ಹೋಗಿ ಗೋಲಿನೊಳಗೆ ಕೂತಿತು.

ಅವತ್ತು ಇಬ್ಬರೂ ಮಾತಾಡಲಿಲ್ಲ. ಮಾರನೆಯ ದಿನ ಅವನೇ ಬರಲಿ ಎಂದು ಇವರು ಕಾದರು, ಇವನೇ ಬರಲಿ ಎಂದು ಅವರು ಕಾದರು. ಮರುವರ್ಷ ಯೂನುಸ್ ಮದುವೆಯಾಗಿ, ಮಾವನ ಹಾಸಿಗೆ ಅಂಗಡಿ ನೋಡಿಕೊಳ್ಳಲು ಚಾಮರಾಜನಗರಕ್ಕೆ ಹೋಗಿಬಿಟ್ಟರು. ಅಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ದಿನಕ್ಕೆ ಹನ್ನೊಂದು ಬಸ್ಸುಗಳನ್ನು ಆ ಊರಿಗೆ ಕಳಿಸುತ್ತಿದ್ದ ಮುದ್ದಯ್ಯನವರು ಇಪ್ಪತ್ತಾರು ವರ್ಷದಲ್ಲಿ ಒಂದನ್ನೂ ಹತ್ತಿರಲಿಲ್ಲ. ಬಸ್ಸು ತಿರುವು ದಾಟುವವರೆಗೆ ಅದರ ಹಿಂಭಾಗವನ್ನೇ ನೋಡುತ್ತ ನಿಲ್ಲುತ್ತಿದ್ದರು. ಹೋಲಿಕೆಗೆ ಊರಿನ ಹಳೆಯ ಆಟಗಾರರೆಲ್ಲ ಬಂದುಹೋಗುತ್ತಿದ್ದರು. ಯೂನುಸ್ ಎಂಬ ಹೆಸರು ಮಾತ್ರ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ.

ಹೀಗಿರುವಾಗ ೨೦೦೬ರ ಜನವರಿ ಬಂತು. ಗಣರಾಜ್ಯೋತ್ಸವದ ದಿನ ನಮ್ಮೂರಿನ ಹೊಸ ತಂಡಕ್ಕೂ ಚಾಮರಾಜನಗರದ ತಂಡಕ್ಕೂ ಪಂದ್ಯ ಎಂದು ಗೊತ್ತಾಯಿತು. ನಮ್ಮ ಕಡೆ ಇಬ್ಬರು ಎಳೆಯ ಬ್ಯಾಕುಗಳು: ವೆಲ್ಡಿಂಗ್ ಅಂಗಡಿಯ ಸಾದಿಕ್, ತರಕಾರಿ ಮಂಡಿಯಲ್ಲಿ ಗುಮಾಸ್ತನಾದ ಶಿವಸ್ವಾಮಿ. ಇವರ ಬಗ್ಗೆ ಕರಪತ್ರಕ್ಕೆ ನಾಲ್ಕು ಮಾತು ಬರೆದುಕೊಡಿ ಎಂದು ತಂಡದವರು ಮುದ್ದಯ್ಯನವರನ್ನು ಕೇಳಿದರು. ಅವರು ಮೂರು ದಿನ ಯೋಚಿಸಿ ಎರಡು ಸಾಲು ಬರೆದರು:

'ಸಾದಿಕ್ ಅವರ ಆಟ ಹಿಂದಿನ ಬೀರಯ್ಯನವರನ್ನು ನೆನಪಿಗೆ ತರುತ್ತದೆ. ಶಿವಸ್ವಾಮಿಯಂತೂ ನಿಲುವು, ನಡೆ, ಗುಣ ಎಲ್ಲದರಲ್ಲೂ ಥೇಟ್ ನಮ್ಮ ಹಳೆಯ ಬ್ಯಾಕ್ ಮಾರಯ್ಯನವರೇ. ಮುದ್ದಯ್ಯ, ಮಾಜಿ ಲೆಫ್ಟ್ ಬ್ಯಾಕ್.'

"ಗುಣ ಅನ್ನೋದು ಬೇಕಾ ಯಜಮಾನ್ರೇ? ಸಾಲು ಉದ್ದ ಆಯ್ತದೆ" ಎಂದೆ.

"ಇರ್ಲಿ ಬುಡು. ನಿಲುವು ಯಾರ್ಗಾದ್ರೂ ಬತ್ತದೆ. ಗುಣ ಬರಬೇಕಲ್ಲ!"

ತಮ್ಮ ಹೆಸರು ಅಚ್ಚಾದದ್ದನ್ನು ನೋಡಿ ಅವರಿಗೆ ಎಷ್ಟು ಹಿಗ್ಗಾಯಿತೆಂದರೆ ಹೊರಟ ಪ್ರತಿಯೊಂದು ಬಸ್ಸಿಗೂ ಹತ್ತಿ, ಸೀಟು ಸೀಟಿಗೂ ಒಂದೊಂದು ಕರಪತ್ರ ಇಟ್ಟು ಇಳಿದರು.

ಮಾರನೆಯ ಬೆಳಗ್ಗೆ ಏಳೂವರೆ ಬಸ್ಸಿನಿಂದ ಒಬ್ಬ ಹೆಂಗಸು ಇಳಿದರು. ತೆರಕಣಾಂಬಿಯ ಅಂಗನವಾಡಿ ಟೀಚರ್ ಶಿವರುದ್ರಮ್ಮ. ಇವರ ಮಗಳು ಶಿವರಂಜಿನಿಯನ್ನೇ ನಮ್ಮ ಶಿವಸ್ವಾಮಿಗೆ ಗೊತ್ತು ಮಾಡಿದ್ದುದು. ಕೈಯಲ್ಲಿ ಕರಪತ್ರ, ಅದನ್ನು ಇಲಿ ಹಿಡಿದಂತೆ ತುದಿಯಲ್ಲಿ ಹಿಡಿದುಕೊಂಡಿದ್ದರು.

"ಇದ ಬರ್ದವ್ರು ಯಾರು?"

"ನಾನೇ ಕಣವ್ವ. ಚೆಂದಾಗದಾ?" ಎಂದರು ಮುದ್ದಯ್ಯನವರು, ಮೀಸೆ ತೀಡುತ್ತ.

"ಮಾರಯ್ಯನ ಮೊದಲ್ನೆ ಹೆಂಡ್ತಿ ನಮ್ ಬೀದಿಲೇ ಅವ್ಳೆ, ಗೊತ್ತಾ? ಶುಂಠಿ ಕೀಳಕೆ ಓಯ್ತೀನಿ ಅಂದ್ಬುಟ್ಟು ಕೇರಳಕ್ಕೆ ಓದವ್ನು ಬತ್ತೇರಿಲಿ ಇನ್ನೊಂದ್ ಸಂಸಾರ ಕಟ್ಕೊಂಡ. ಆ ಸಂಸಾರಕ್ಕೆ ಈಗ ಮೊಮ್ಮಕ್ಳು! ಹುಡುಗನ ಗುಣ ಮಾರಯ್ಯನಂಗೇ ಅಂತ ಅಚ್ಚಾಕ್ಸಿ, ಬಸ್ಸಲ್ಲಿ ಹಂಚವ್ರೆ. ಪುಣ್ಯಕ್ಕೆ ಮೊದ್ಲೇ ತಿಳೀತು. ಈ ಸಂಬಂಧ ನಮಗ್ಬೇಡ."

"ಅಯ್ಯೋ ನಾನೇಳಿದ್ದು ಆಟದ್ ಗುಣ ಕಣವ್ವ! ಮಾರಯ್ಯ ನಿಂತ ಜಾಗ್ದಿಂದ ಕದಲ್ತಾನೇ ಇರ್ನಿಲ್ಲ!"

"ಕದಲ್ದೇ ಬತ್ತೇರಿಗೆ ಹೆಂಗೋದ?"

ಮುದ್ದಯ್ಯನವರು ಎಂಟೂಕಾಲಿನ ಬಸ್ಸಿಗೆ ವಿಸಿಲ್ ಊದಿದರು. ಶಿವರುದ್ರಮ್ಮ ಅದೇ ಬಸ್ಸು ಹತ್ತಿ ಹೊರಟುಹೋದರು.

ಒಂಬತ್ತು ಗಂಟೆಗೆ ಶಿವಸ್ವಾಮಿಯ ತಾಯಿ ಶಾಂತಮಲ್ಲಮ್ಮ ಅಳುತ್ತ ನನ್ನ ಅಂಗಡಿಗೆ ಬಂದರು. ಹುಡುಗ ಬೆಳಗಿನ ತಿಂಡಿ ಬಿಟ್ಟಿದ್ದಾನಂತೆ, ಮಂಡಿಯಲ್ಲಿ ಈರುಳ್ಳಿ ಮೂಟೆಗೆ ಟೊಮ್ಯಾಟೊ ಚೀಟಿ ಅಂಟಿಸುತ್ತಿದ್ದಾನಂತೆ. ಶಿವರಂಜಿನಿಯನ್ನು ಬಿಟ್ಟು ಬೇರೆ ಯಾರನ್ನೂ ಕಟ್ಟಿಕೊಳ್ಳುವುದಿಲ್ಲ ಎಂದನಂತೆ. ಮುದ್ದಯ್ಯನವರು ರಸ್ತೆ ದಾಟಿ ಬಂದು, "ಅದಕ್ಕೇನವ್ವ, ತಿದ್ದಿದ್ರಾಯ್ತು" ಎಂದರು. ಹೊಸ ಕರಪತ್ರ ಬಂತು. ಅದರಲ್ಲಿ ಶಿವಸ್ವಾಮಿ ಬೀರಯ್ಯನಂತೆ, ಸಾದಿಕ್ ಮಾರಯ್ಯನಂತೆ.

ಮಧ್ಯಾಹ್ನದೊಳಗೆ ಸಾದಿಕ್ ಬಂದ, ವೆಲ್ಡಿಂಗಿನ ಕಪ್ಪು ಕನ್ನಡಕ ಹಣೆಯ ಮೇಲೇ ಇತ್ತು. "ಯಜಮಾನ್ರೇ, ಮದ್ವೆ ಆಗೋ ವಯಸ್ಸು ನಂದೂ ಅಲ್ವಾ? ಅವನ್ಗೆ ಬ್ಯಾಡ ಅಂತ ಬಿಸಾಕಿದ ಮಾರಯ್ಯನ್ನ ನಂಗ್ಯಾಕೆ ತಂದು ಸುತ್ತಾಕಿದ್ರಿ?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ.

ಸಂಜೆಯ ಬಸ್ಸಿನಲ್ಲಿ ತೆರಕಣಾಂಬಿಯಿಂದ ಸುದ್ದಿ ಬಂತು. ಕಂಡಕ್ಟರ್ ಫುಟ್‌ಬೋರ್ಡಿನ ಮೇಲೇ ನಿಂತು ಒಪ್ಪಿಸಿದ: "ಟೀಚರಮ್ಮ ಹೇಳಿ ಕಳ್ಸವ್ರೆ. ಬೀರಯ್ಯ ಮೂವತ್ತೆಂಟನೇ ವರ್ಸಕ್ಕೇ ತೆಂಗಿನ್ಮರದಿಂದ ಬಿದ್ದು ಸತ್ತೋದ್ನಂತೆ. ಅಂಥವನಂಗೆ ಅವ್ನೆ ಅಂತ ತಿಳ್ದೂ ತಿಳ್ದೂ ಮಗ್ಳ ಕೊಡಕೆ ಅವ್ರಿಗೇನ್ ತಲೆ ಕೆಟ್ಟದಾ ಅಂತೆ."

ಅವತ್ತು ಸಂಜೆ ನನ್ನ ಅಂಗಡಿಯಲ್ಲಿ ಒಂದು ಸಭೆಯೇ ಸೇರಿತು. ಮುದ್ದಯ್ಯನವರು, ಶಾಂತಮಲ್ಲಮ್ಮ, ಮುಖ ಬಾಡಿದ ಶಿವಸ್ವಾಮಿ. ಗುಂಡ್ಲುಪೇಟೆ ಕಂಡ ಬ್ಯಾಕುಗಳನ್ನೆಲ್ಲ ಒಬ್ಬೊಬ್ಬರಾಗಿ ಕರೆದು ನಿಲ್ಲಿಸಿ ನೋಡಿದೆವು. ಒಬ್ಬ ಕುಡಿದು ಮನೆ ಮಾರಿದವನು. ಒಬ್ಬ ಮಾದಪ್ಪನ ಬೆಟ್ಟಕ್ಕೆ ಹೋದವನು ಗಡ್ಡ ಬಿಟ್ಟು ಅಲ್ಲೇ ಉಳಿದುಬಿಟ್ಟವನು. ಒಬ್ಬ ಆಟದಲ್ಲಿ ದೇವರಂಥವನು, ಆದರೆ ಅತ್ತೆಯ ಮೇಲೆ ಕೋರ್ಟಿಗೆ ಹೋದವನು. ಎಷ್ಟು ಒಳ್ಳೆಯ ಬ್ಯಾಕೋ ಅಷ್ಟೇ ಕೆಟ್ಟ ಅಳಿಯ ಎಂಬ ವಿಚಿತ್ರ ನಮ್ಮೂರಿನಲ್ಲಿ ನಡೆದುಬಂದಿದೆ.

ಶಾಂತಮಲ್ಲಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಮೆಲ್ಲಗೆ ಹೇಳಿದರು: "ಯೂನುಸಣ್ಣ ಇರ್ನಿಲ್ವಾ ನಿಮ್ ಜೊತೇಲಿ? ಬೀಡಿ ಸೇದ್ದೋರಲ್ಲ, ಒಬ್ರ ತಂಟೆಗೋದೋರಲ್ಲ. ನಾಕ್ ಹೆಣ್ಮಕ್ಳ ಮದ್ವೆ ಮಾಡಿ ಗೆದ್ರು."

ಮುದ್ದಯ್ಯನವರು ಎದ್ದು ರಸ್ತೆ ದಾಟಿ ಹೋದರು. ಅವತ್ತು ಚಾಮರಾಜನಗರದ ಬಸ್ಸು ಏಳು ನಿಮಿಷ ತಡವಾಗಿ ಹೊರಟಿತು. ನಾನು ಅಂಗಡಿ ತೆರೆದ ಮೇಲೆ ಇಂಥದ್ದು ಅದೇ ಮೊದಲು.

ಮರುದಿನ ಬಂದು ಒಂದು ಚೀಟಿ ಕೊಟ್ಟರು. ಅವರ ಅಕ್ಷರ ಗುಂಡಗಿರುತ್ತದೆ. ಅವತ್ತು ಸೊಟ್ಟಗಿತ್ತು. ಸಾದಿಕ್‌ನ ಹೋಲಿಕೆಯನ್ನೇ ಕೈಬಿಟ್ಟಿದ್ದರು. 'ಶಿವಸ್ವಾಮಿ ಯೂನುಸ್‌ನಂತೆ ಆಡುತ್ತಾನೆ. ಇದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ.'

"ಗುಣ ಅಂತ ಸೇರ್ಸ್ಲಾ?" ಎಂದೆ.

"ಅದ ಬ್ಯಾರೆ ಬರೀಬೇಕಾ? ಹೆಸ್ರೇ ಅದೆಯಲ್ಲ" ಎಂದರು. ಕಣ್ಣು ಗೋಡೆಯ ಕ್ಯಾಲೆಂಡರಿನ ಕಡೆಗಿತ್ತು. ಆ ಹೆಸರನ್ನು ಬರೆಯಲು ಆ ಮನುಷ್ಯನಿಗೆ ಎಷ್ಟು ಆಸೆಯಿತ್ತು, ಎಷ್ಟು ವರ್ಷದಿಂದ ಇತ್ತು ಎಂಬುದು ನನಗೆ ಆಗ ಗೊತ್ತಾಯಿತು. ನಾನು ಪ್ರಿಂಟರಿಗೆ ಸುಮ್ಮನೆ ಬೈಯುತ್ತ ಅಚ್ಚು ಹಾಕಿದೆ.

ಈ ಮೂರನೆಯ ಕರಪತ್ರ ಹಿಡಿದು ಶಿವರುದ್ರಮ್ಮ ಮತ್ತೆ ಇಳಿದರು. ಈ ಸಲ ಸಿಟ್ಟಿರಲಿಲ್ಲ. ಸರ್ಕಾರಿ ಕೆಲಸದವರ ಎಚ್ಚರವಿತ್ತು.

"ಹುಡುಗ ಯಾರ್ನೋ ಹೋಲ್ತಾನೆ ಅಂತೀರ. ಸರಿ. ಬರೀ ಜೆರಾಕ್ಸ್ ನೋಡಿ ಸೈನ್ ಮಾಡಕಾಯ್ತದಾ? ಒರಿಜಿನಲ್ ತೋರ್ಸಿ."

"ಒರಿಜಿನಲ್ಲಾ?"

"ಆ ಯೂನುಸ್ ಸಾಬ್ರನ್ನ. ಹೆಣ್ ಕೊಡೋ ಮುಂದೆ ಗುಣ ವಿಚಾರಿಸೋದು ನಮ್ಮಲ್ಲಿ ಪದ್ಧತಿ. ನಾನೇ ಕಣ್ಣಾರೆ ನೋಡಿ ವಿಚಾರಿಸ್ತೀನಿ. ನಡೀರಿ ಓಗನ. ನೀವೂ ಬನ್ನಿ, ಬರ್ದವ್ರು ನೀವು. ಅಚ್ಚಾಕ್ದೋರೂ ಬರ್ಲಿ."

ಮುದ್ದಯ್ಯನವರು ಬಸ್ಸುಗಳನ್ನು ಬಿಟ್ಟು ಬರುವಂತಿಲ್ಲ ಎಂದರು. ಮೊಣಕಾಲು ನೋವು ಎಂದರು. ಮನೆಯಲ್ಲಿ ಮರಿತಾಯಮ್ಮನನ್ನು ಕೇಳಬೇಕು ಎಂದರು. ಅಷ್ಟರಲ್ಲಿ ಊಟದ ಕ್ಯಾರಿಯರ್ ಹಿಡಿದು ಬಂದ ಹೆಂಡತಿ ಮರಿತಾಯಮ್ಮನೇ, "ನಾನ್ಯಾವತ್ತು ಬ್ಯಾಡ ಅಂದಿದ್ದೆ? ಓಗಿ ಮೊದ್ಲು" ಎಂದು ಗಂಡನ ಕುತ್ತಿಗೆಯಿಂದ ವಿಸಿಲ್ ಬಿಚ್ಚಿಕೊಂಡು, ತಾವೇ ಜೋರಾಗಿ ಊದಿಬಿಟ್ಟರು. ಬಸ್ಸು ಹೊರಟೇಬಿಟ್ಟಿತು. ನಾವು ಮೂವರೂ ಓಡಿ ಹತ್ತಿದೆವು.

ದಾರಿಯುದ್ದಕ್ಕೂ ಮುದ್ದಯ್ಯನವರು ಕಿಟಕಿಯ ಕಂಬಿ ಹಿಡಿದೇ ಕೂತಿದ್ದರು. ತೆರಕಣಾಂಬಿ ದಾಟಿದ ಮೇಲೆ ಒಮ್ಮೆ ಮಾತ್ರ, "ಅವ್ನ್ ತಲೆಕೂದ್ಲು ಇನ್ನೂ ಇದ್ದದಾ?" ಎಂದು ಕೇಳಿದರು. ನಾನು ಯೂನುಸ್‌ರನ್ನು ನೋಡಿಯೇ ಇರಲಿಲ್ಲ.

ಚಾಮರಾಜನಗರದಲ್ಲಿ ಶಿವರುದ್ರಮ್ಮ ಒಬ್ಬರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಬಾಳೆಹಣ್ಣು, ಎಲೆ ಅಡಿಕೆ, ಎರಡು ಮೊಳ ಹೂವು ಕೊಂಡರು. ಹಾಸಿಗೆ ಅಂಗಡಿ ದೊಡ್ಡ ಬೀದಿಯ ಪಕ್ಕದ ಓಣಿಯಲ್ಲಿತ್ತು, ಹಿಂದೆಯೇ ಮನೆ. ಅಂಗಡಿ ಕಾಣುತ್ತಲೇ ಮುದ್ದಯ್ಯನವರು, "ನೀವ್ ನಡೀರಿ, ನಾನ್ ವಾಪಸ್ ಬಸ್ಸಿನ ಟೈಂ ನೋಡ್ಕ ಬತ್ತೀನಿ" ಎಂದು ಎದುರಿನ ಸೈಕಲ್ ಅಂಗಡಿಗೆ ಹೋಗಿ, ನಮ್ಮ ಕಡೆಗೆ ಬೆನ್ನು ಮಾಡಿ ನಿಂತರು. ನಮ್ಮ ಕಡೆಯ ಬಸ್ಸುಗಳ ಟೈಮು ನಿದ್ದೆಯಲ್ಲಿ ಕೇಳಿದರೂ ಹೇಳುವ ಮನುಷ್ಯ!

ಒಳಗೆ ಯೂನುಸ್ ಒಂದು ಹಾಸಿಗೆಗೆ ಹತ್ತಿ ತುಂಬುತ್ತ ಅದರ ಮೇಲೇ ಕೂತಿದ್ದರು. ಬಿಳಿ ಗಡ್ಡ, ತಲೆ ಬೋಳು, ಮೈಯೆಲ್ಲ ಹತ್ತಿ. ಅವರ ಹೆಂಡತಿ ಫಖ್ರುನ್ನೀಸಾ ಸ್ಟೂಲು ಹಾಕಿ, ನನಗೆ ಒಂದು ಚೊಂಬು ನೀರು ಕೊಟ್ಟರು. ಶಿವರುದ್ರಮ್ಮ ಹಣ್ಣು ಹೂವನ್ನು ಅವರ ಮುಂದಿಟ್ಟು, ನೇರವಾಗಿ ಯೂನುಸ್ ಕಡೆಗೆ ತಿರುಗಿದರು.

"ನಿಮಗೆ ಕುಡಿಯೋ ಅಭ್ಯಾಸ ಉಂಟಾ?"

"ತೋಬಾ! ಇಲ್ಲ ಕಣಮ್ಮ."

"ಸಕ್ಕರೆ ಕಾಯಿಲೆ, ಬಿ.ಪಿ.?"

"ಮೊಣಕಾಲು ಒಂಚೂರು..."

"ಕೇರಳದ ಕಡೆ ಹೋಗಿ ಬಂದು ಮಾಡ್ತೀರಾ?"

"ಇಲ್ವಲ್ಲ!"

"ಹೆಂಡ್ತಿ ಮೇಲೆ ಕೈ ಎತ್ತೀರಾ?"

ಫಖ್ರುನ್ನೀಸಾ ಹೂವನ್ನು ನೋಡಿದರು, ಹಣ್ಣನ್ನು ನೋಡಿದರು, ಎಲೆ ಅಡಿಕೆಯನ್ನು ನೋಡಿದರು. "ಇದೆಲ್ಲ ಯಾಕೆ ಕೇಳ್ತಾ ಇದ್ದೀರಮ್ಮ? ಯಾರ ಸಲುವಾಗಿ?"

"ನನ್ ಮಗಳ ಸಲುವಾಗಿ ಕಣವ್ವ. ಇಪ್ಪತ್ತೆರಡು ವರ್ಸ. ಬಿ.ಎ. ಮಾಡವ್ಳೆ."

ಆಗ ನಾನು ಬಾಯಿ ಬಿಡಬೇಕಿತ್ತು. ಬಾಯಿ ತುಂಬ ನೀರಿತ್ತು. ಫಖ್ರುನ್ನೀಸಾ ಎದ್ದು ನಿಂತರು. "ಯಾ ಅಲ್ಲಾ! ಅರವತ್ತು ವರ್ಷದ ಮುದುಕ, ನಾಕು ಅಳಿಯಂದಿರಿದ್ದಾರೆ, ಇವ್ರಿಗೆ ಹೆಣ್ಣು ತಂದವ್ರೆ! ರೀ, ಏನ್ರೀ ಇದು? ಹಾಸಿಗೆ ಕೊಡೋಕೆ ಅಂತ ಹಳ್ಳಿಹಳ್ಳಿ ತಿರುಗ್ತಿದ್ದದ್ದು ಇದಕ್ಕೇನಾ?"

ಯೂನುಸ್ ಹತ್ತಿಯ ನಡುವೆ ಏಳಲೂ ಆಗದೆ, ಕೂರಲೂ ಆಗದೆ ಕೈ ಬಡಿಯುತ್ತಿದ್ದರು. ನೀರು ನುಂಗಿ ನಾನು ಎಲ್ಲವನ್ನೂ ಹೇಳಿ ಮುಗಿಸುವ ಹೊತ್ತಿಗೆ ಓಣಿಯ ಅರ್ಧ ಜನ ಬಾಗಿಲಿನಲ್ಲಿದ್ದರು. ಕೊನೆಗೆ ಕರಪತ್ರವನ್ನು ಯೂನುಸ್ ಕೈಗೆ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. ಎರಡೇ ಸಾಲು. ತುಂಬ ಹೊತ್ತು ಓದಿದರು.

"ಇದ ಅವ್ನೇ ಬರ್ದನಾ? ಇಲ್ಲಾ ನೀನ್ ಬರ್ದು ಅವ್ನೆಸ್ರ ಹಾಕ್ದಾ?"

"ಅವರೇ. ಅವರ ಕೈಬರಹದ ಚೀಟಿ ನನ್ ಅಂಗಡೀಲದೆ."

"ಹ್ಞೂಂ." ಕನ್ನಡಕ ತೆಗೆದು ಲುಂಗಿಯಲ್ಲಿ ಒರೆಸಿದರು, ಹತ್ತಿ ಇನ್ನಷ್ಟು ಅಂಟಿತು. "ಆ ಹುಡುಗ ಹೆಂಗಾಡ್ತಾನೆ?"

ನನಗೆ ಹಾಕಿ ಅಷ್ಟಾಗಿ ಬಾರದು. ತಡವರಿಸಿದೆ. ಬಾಗಿಲಿನ ಜನರ ಹಿಂದಿನಿಂದ ಒಂದು ದನಿ ಬಂತು.

"ಬಾಲು ಕಂಡ್ರೆ ತಡ್ಕಳಲ್ಲ, ಮುಂದಕ್ಕೆ ನುಗ್ಬುಡ್ತಾನೆ. ಹಿಂದೆ ಪೂರ್ತಿ ಖಾಲಿ ಬುಟ್ಟು. ನಿನ್ನಂಗೇ."

ಇಪ್ಪತ್ತಾರು ವರ್ಷದ ಮೇಲೆ ಆಡಿದ ಮೊದಲ ಮಾತು ಹೀಗೆ ಆಕ್ಷೇಪಣೆಯಾಗಿತ್ತು. ಜನ ಸರಿದು ದಾರಿ ಬಿಟ್ಟರು. ಯೂನುಸ್ ಕತ್ತೆತ್ತಿ ಮುದ್ದಯ್ಯನವರನ್ನು ನೋಡಿದರು.

"ನಾನ್ ಖಾಲಿ ಬುಟ್ಟು ಓಗ್ತಿರ್ನಿಲ್ಲ ಕಣ್ಲಾ ಮುದ್ದ. ಹಿಂದೆ ನೀನಿರ್ತಿದ್ದೆ."

ಊರಿನ ಮಧ್ಯೆ ದಿನವಿಡೀ ವಿಸಿಲ್ ಊದುವ ಮನುಷ್ಯ ಸಣ್ಣ ಮಗುವಿನಂತೆ ಬಿಕ್ಕಿದರು. ಮುಚ್ಚಿಟ್ಟುಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ. ಫಖ್ರುನ್ನೀಸಾ ಅವರ ಮುಖವನ್ನೇ ನೋಡಿ, "ಓ, ಇವ್ರೇನಾ ಮುದ್ದಣ್ಣ!" ಎಂದರು. "ಬಂದ್ರಲ್ಲ, ಸದ್ಯ. ಈ ಊರಲ್ಲಿ ಯಾವ ಹುಡುಗ ಸ್ಟಿಕ್ ಹಿಡಿದ್ರೂ ಮುದ್ದಯ್ಯನಂಗಿಲ್ಲ, ಮುದ್ದಯ್ಯನಂಗಿಲ್ಲ ಅಂತ ಮದುವೆ ಆದಾಗಿಂದ ನನ್ ತಲೆ ತಿಂದವ್ರೆ. ಹಂಗಾದ್ರೆ ಹೋಗಿ ಬನ್ನಿ ಅಂದ್ರೆ, ಅವ್ನೇ ಬರ್ಲಿ ಅನ್ನೋರು."

"ನಾನೂ ಅಂಗೇ ಅಂದ್ಕಂಡಿದ್ದೆ ಕಣಮ್ಮ" ಎಂದರು ಮುದ್ದಯ್ಯನವರು, ತೋಳಿನಲ್ಲಿ ಮೂಗೊರೆಸುತ್ತ.

ಶಿವರುದ್ರಮ್ಮ ಇದನ್ನೆಲ್ಲ ಕೂತಲ್ಲೇ ನೋಡಿದರು. ಆಮೇಲೆ ಹೂವನ್ನು ಎತ್ತಿ ಫಖ್ರುನ್ನೀಸಾರ ಕೈಗೆ ಕೊಟ್ಟು, ತೀರ್ಪು ಹೇಳಿದರು.

"ಗುಣ ವಿಚಾರಿಸಿದ್ದಾಯ್ತು. ಹುಡುಗ ಇವರಂಗೇ ಇದ್ರೆ ಮಗ್ಳ ಕೊಡ್ತೀನಿ. ಆದ್ರೆ ಒಂದ್ ಮಾತು, ಅವನ್ಗೆ ಹೇಳ್ಬುಡಿ. ನನ್ ಮಗ್ಳ ಮೇಲೆ ಸಿಟ್ಟು ಬಂದ್ರೆ ಅವತ್ತೇ ಬೈಬೇಕು, ಅವತ್ತೇ ಮಾತಾಡಿಸ್ಬೇಕು. ಅವ್ಳೇ ಬರ್ಲಿ ಅಂತ ಇವರಂಗೆ ಕಾಯಂಗಿಲ್ಲ. ಕಾದ್ರೆ ವಯಸ್ಸಾಯ್ತದೆ ಕಣಪ್ಪ, ಇನ್ನೇನೂ ಆಗಲ್ಲ."

ಯೂನುಸ್ ಹಾಸಿಗೆಯ ಮೇಲೆ ಸ್ವಲ್ಪ ಬಲಕ್ಕೆ ಸರಿದು ಎಡಗಡೆ ಜಾಗ ಮಾಡಿದರು. ಮುದ್ದಯ್ಯನವರು ಹೋಗಿ ಪಕ್ಕದಲ್ಲಿ ಕೂತರು. ಹತ್ತಿ ಇನ್ನೂ ಅರ್ಧ ಮಾತ್ರ ತುಂಬಿತ್ತು, ಇಬ್ಬರೂ ಒಟ್ಟಿಗೇ ಮೆಲ್ಲಗೆ ಕೆಳಕ್ಕೆ ಇಳಿದುಹೋದರು. ಅವರನ್ನು ಎಬ್ಬಿಸಲು ನಾವು ಮೂವರು ಕೈ ಕೊಡಲು ಹೋದೆವು. ಇರಲಿ ಬಿಡಿ, ಆಮೇಲೆ ಏಳುತ್ತೇವೆ ಎಂದರು.